ನೀರಿಗೆ ಅಡ್ಡ ನಿಂತ ಅಕ್ಕ

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ. ಭಾವ ಲಾರಿ ಓಡಿಸುತ್ತಾರೆ. "ತಿಂಗಳಿಗೊಂದು ಸಲ ಬಟ್ಟೆ ಒಗೆಸ್ಕೊಳ್ಳೋಕೆ ಬರೋ ನೆಂಟ" ಎಂದು ಅಕ್ಕನೇ ನಗುತ್ತಾಳೆ. ಮನೆಯ ಕೆಳಗಿನ ಕಪ್ಪುಮಣ್ಣಿನ ಹೊಲವೆಂದರೆ ಅವಳಿಗೆ ಜೀವ. ಈ ವರ್ಷ ಅದೂ ಕೈ ತಪ್ಪುವುದರಲ್ಲಿತ್ತು. ಟ್ರ್ಯಾಕ್ಟರ್ ಮಾಲೀಕ ಗುತ್ತಿಗೆಗೆ ಕೇಳಿದ್ದ, ಮಾವ ಅರ್ಧ ಒಪ್ಪಿಯೂ ಆಗಿತ್ತು. ಅಕ್ಕ ಪಟ್ಟು ಬಿಡದಿದ್ದಾಗ ಮಾವ, "ಆಯ್ತಮ್ಮ, ಇದೊಂದು ಕಡಲೆ ಬೆಳೆ ನಿಂದು. ಹೋದ ಸಲಕ್ಕಿಂತ ಹೆಚ್ಚು ಬಂದ್ರೆ ಹೊಲ ನಿನ್ನ ಕೈಲೇ ಇರ್ಲಿ. ಇಲ್ದಿದ್ರೆ ಆಮೇಲೆ ತುಟಿ ಬಿಚ್ಚಬಾರ್ದು" ಎಂದರು.

ಕೃಷಿ ಕಚೇರಿಯವರು ಹೇಳಿಕೊಟ್ಟದ್ದನ್ನೆಲ್ಲ ಅಕ್ಕ ಚಾಚೂ ತಪ್ಪದೆ ಮಾಡಿದಳು. ಬೆಲ್ಲದ ನೀರಿನಲ್ಲಿ ಜೀವಾಣು ಗೊಬ್ಬರದ ಕಪ್ಪು ಪುಡಿ ಕಲಸಿ, ಬೀಜಕ್ಕೆ ಸವರಿ, ನಡುಮನೆಯ ನೆರಳಿನಲ್ಲೇ ಒಣಹಾಕಿದಳು. ನನ್ನ ಮಗು ಅಂಬೆಗಾಲಿಟ್ಟು ಅದರೊಳಗೆ ನುಗ್ಗಿ ಮೈಗೆಲ್ಲ ಮಸಿ ಬಳಿದುಕೊಂಡಿತು. ಗಿಡ ಗೇಣುದ್ದ ಬಂದಾಗ, ಕವಲು ಹೆಚ್ಚು ಒಡೆಯಲೆಂದು ಸಾಲು ಸಾಲಾಗಿ ಕುಡಿ ಚಿವುಟಿದಳು. "ಬೆಳೆಯೋ ಮಕ್ಕಳ ತಲೆ ಮೊಟಕಿದ ಹಾಗೆ" ಎಂದು ಮಾವ ಬದುವಿನ ಮೇಲೆ ನಿಂತು ಮುಖ ಕಿವುಚಿದರು. ಎಲೆಯ ಹುಳಿಗೆ ಅವಳ ಬೆರಳ ತುದಿಗಳು ಸುಲಿದಿದ್ದವು. ಒಂದಷ್ಟು ದಿನ ಚಮಚದಲ್ಲೇ ಉಂಡಳು.

ಮಾವ ಕೆಟ್ಟವರಲ್ಲ. ಆಯಸ್ಸೆಲ್ಲ ಭತ್ತದ ಗದ್ದೆಯಲ್ಲಿ ಕಳೆದವರು. ಒಣನೆಲ ಕಂಡರೆ ಅವರಿಗೆ ಕರುಳು ಚುರುಕ್ ಎನ್ನುತ್ತದೆ.

ಹೊಲದ ತುಂಬ ಹೂ ನಿಂತಿದ್ದ ಒಂದು ಮಧ್ಯಾಹ್ನ ನಾನು ಬುತ್ತಿ ಒಯ್ದಿದ್ದೆ. ಮರದಡಿ ಮಗುವಿಗೆ ಹಾಲೂಡಿಸುತ್ತ ಕೂತಿದ್ದಾಗ ಮೋಟಾರಿನ ಸದ್ದು ಕೇಳಿತು. ನೋಡಿದರೆ ಕಾಲುವೆಯಲ್ಲಿ ನೀರು ಬುಳುಬುಳು ಬರುತ್ತಿದೆ, ಹಿಂದೆಯೇ ಗುದ್ದಲಿ ಹೊತ್ತ ಮಾವ.

ಅಕ್ಕ ಎದ್ದುಬಿದ್ದು ಓಡಿ ಬಂದಳು. "ಮಾವ, ಬೇಡ! ಈಗ ನೀರು ಕೊಟ್ರೆ ಹೂ ಉದುರುತ್ತೆ!"

"ಗಿಡ ತಲೆ ಬಾಗ್ಸಿ ನಿಂತಿದೆ, ಕಣ್ಣು ಕಾಣಲ್ವಾ?"

"ಬಿಸಿಲಿಗೆ ಬಾಗಿರೋದು, ಸಂಜೆಗೆ ಏಳುತ್ತೆ. ಹೂವಿಗೆ ಮುಂಚೆ ಒಂದು ನೀರು ಕೊಟ್ಟಿದ್ದೀನಲ್ಲ. ಒಳಗೆ ಇನ್ನೂ ತಂಪಿದೆ, ಕೈ ಹಾಕಿ ನೋಡಿ."

"ನನಗೇ ಹೇಳಿಕೊಡ್ತೀಯಾ? ನಿನ್ನ ವಯಸ್ಸಿಗಿಂತ ಹೆಚ್ಚು ಬೆಳೆ ತೆಗ್ದಿದ್ದೀನಿ."

"ತೆಗ್ದಿರೋದು ಭತ್ತ ಮಾವ. ಇದು ಕಡಲೆ."

ಮಾವನ ಮುಖ ಕೆಂಪಾಯಿತು. ಅವರು ಗುದ್ದಲಿಯಿಂದ ಕಾಲುವೆಯ ಬಾಯಿ ಒಡೆದ ಕಡೆ ಅಕ್ಕ ಕೈಯಿಂದಲೇ ಮಣ್ಣು ಬಾಚಿ ಮುಚ್ಚುವಳು. ಅವರು ಪಕ್ಕದಲ್ಲೇ ಇನ್ನೊಂದು ಬಾಯಿ ಒಡೆಯುವರು. ಮೂಲೆಯ ಸಾಲುಗಳಿಗೆ ನೀರು ಆಗಲೇ ನುಗ್ಗಿತ್ತು.

"ತಂಗಿ, ಮೋಟಾರು!" ಎಂದು ಅಕ್ಕ ಕೂಗಿದಳು.

ಮದುವೆಯಾಗಿ ಬಂದಾಗಿನಿಂದ ಮಾವನ ಮಾತಿಗೆ ಎದುರಾಡಿದವಳಲ್ಲ ನಾನು. ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿ ಸ್ವಿಚ್ಚು ಆರಿಸಿದೆ. ಸದ್ದು ನಿಂತ ಮೇಲಷ್ಟೇ ಮಗು ಕಿರುಚುತ್ತಿರುವುದು ಕೇಳಿಸಿತು.

ಮಾವ ಗುದ್ದಲಿ ಬಿಸುಟು ಮನೆಗೆ ನಡೆದರು. ಅಕ್ಕ ಹರಿ ತೋಡಿ, ನಿಂತ ನೀರನ್ನು ಹಳ್ಳಕ್ಕೆ ಬಿಟ್ಟಳು.

ಆಮೇಲಿನದು ಇನ್ನೂ ಕಷ್ಟದ ಕಾಲ. ನೀರು ಕುಡಿದ ಮೂಲೆ ಹಸಿರುಕ್ಕಿ ಹೊಳೆಯತೊಡಗಿತು. "ನೋಡಿದ್ಯಾ? ನನ್ನ ಮಾತು ಕೇಳಿದ್ರೆ ಹೊಲವೆಲ್ಲ ಹೀಗಿರ್ತಿತ್ತು" ಎಂದು ಮಾವ ದಿನವೂ ಚುಚ್ಚುವರು. ಅಕ್ಕ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅವಳ ಲೆಕ್ಕವೇ ತಪ್ಪಿದ್ದರೆ ಎಂದು ನನಗೂ ಅನುಮಾನ ಹುಟ್ಟಿತ್ತು.

ಆದರೆ ಆ ಮೂಲೆಯಲ್ಲಿ ಬರೀ ಸೊಪ್ಪು, ಕಾಯಿಯಿಲ್ಲ. ಕೊನೆಗೆ ಗಿಡಗಳು ಹಳದಿಯಾಗಿ ಜೋತುಬಿದ್ದವು. ಅಕ್ಕ ಒಂದನ್ನು ಕಿತ್ತಳು. ಮಾವ ಅದನ್ನು ಅವಳ ಕೈಯಿಂದ ಇಸಿದುಕೊಂಡು ಬೇರನ್ನು ಉಗುರಿನಿಂದ ಸೀಳಿದರು. ಒಳಗೆಲ್ಲ ಕಪ್ಪು, ರೋಗ ಹತ್ತಿತ್ತು.

ಪಕ್ಕದ ಸಾಲುಗಳತ್ತ ಕಣ್ಣು ಹಾಯಿಸಿದರು. ಆಮೇಲೆ, "ಮಿಕ್ಕಿದ್ದಕ್ಕೂ ಹಬ್ಬುತ್ತಾ?" ಎಂದರು.

"ಗೊತ್ತಿಲ್ಲ ಮಾವ." ಅಕ್ಕನ ದನಿ ನಡುಗಿದ್ದು ನಾನು ಕೇಳಿದ್ದು ಅಂದೇ.

ಇಬ್ಬರೂ ಕುಕ್ಕರಗಾಲಲ್ಲಿ ಕೂತು ಆ ಮೂಲೆಯನ್ನೆಲ್ಲ ಕಿತ್ತು ಸುಟ್ಟರು. ಅಂದಿನಿಂದ ಬೆಳಗಾದರೆ ಮಾವ ಒಂದು ಸಾಲು, ಅಕ್ಕ ಒಂದು ಸಾಲು. ಹಳದಿ ಎಲೆ ಕಂಡಲ್ಲೆಲ್ಲ ಬಗ್ಗಿ ನೋಡುವರು. ಕಾಯಿ ಬಲಿತು ಗಿಡ ತಾನಾಗಿ ಒಣಗುವವರೆಗೂ ಮನೆಯಲ್ಲಿ ಯಾರೂ ಗುತ್ತಿಗೆಯ ಮಾತೆತ್ತಲಿಲ್ಲ.

ರೋಗ ಹಬ್ಬಲಿಲ್ಲ. ರಾಶಿಯ ದಿನ ಹೋದ ವರ್ಷ ತುಂಬಿದ್ದಷ್ಟು ಚೀಲಗಳು ತುಂಬಿದರೂ ಕಾಳು ಇನ್ನೂ ನೆಲದ ಮೇಲಿತ್ತು. ಮಾವ ನನ್ನತ್ತ ತಿರುಗಿ, "ದಿಂಬಿನ ಚೀಲಾನಾದ್ರೂ ತಾರಮ್ಮ" ಎಂದರು.

ಅಷ್ಟರಲ್ಲಿ ಟ್ರ್ಯಾಕ್ಟರ್ ಮಾಲೀಕ ಬಂದು ರಾಶಿಗೆ ಕೈ ಹಾಕಿ, "ಕಾಳು ದಪ್ಪಗಿದೆ ಯಜಮಾನ್ರೇ. ಹೊಲದ ವಿಷಯ ಏನು ಮಾಡಿದ್ರಿ?" ಎಂದ.

"ನನ್ನನ್ಯಾಕೆ ಕೇಳ್ತೀಯಾ? ಹೊಲದ ಯಜಮಾನಿ ಅಲ್ಲಿ ನಿಂತಿದ್ದಾಳೆ."

ಅಕ್ಕ ಮೊರದಿಂದ ತಲೆ ಎತ್ತಿದಳು. ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಅದರ ಸುಳಿವಿಲ್ಲ.

"ಹೊಲ ಕೊಡಲ್ಲ ಅಣ್ಣ. ಮುಂದಿನ ಸಲ ಉಳೋಕೆ ಟ್ರ್ಯಾಕ್ಟರ್ ಕಳಿಸು, ಬಾಡಿಗೆ ಕೊಡ್ತೀನಿ."