ಕಿಟಕಿ ಪಕ್ಕದ ಸ್ಟೂಲಿನ ಡಾಕ್ಟರಮ್ಮ

ಚರ್ಮದ ಮೇಲೆ ಎದ್ದದ್ದನ್ನು ಕಣ್ಣಿನಿಂದಲೇ ಗುರುತಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅವರ ಮಾತು ಬಂದಾಗ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಚರ್ಮರೋಗ ವಿಭಾಗದ ಡಾಕ್ಟರಮ್ಮನವರನ್ನು ಉಳಿದ ವೈದ್ಯರೂ ಮೊದಲು ನೆನೆಯುತ್ತಾರೆ. ಸೇವೆಗೆ ಸೇರಿದ ಹೊಸದರಲ್ಲಿ ಅವರಿಗೆ ಸಿಕ್ಕಿದ್ದು ಔಷಧಿ ದಾಸ್ತಾನಿನ ಹಿಂದಿನ ಕತ್ತಲೆ ಕೋಣೆ. ಹಳದಿ ಬಲ್ಬಿನ ಕೆಳಗೆ ಕೆಂಪೂ ಕಂದೂ ಒಂದೇ ಆಗುತ್ತವೆಂದು ಅವರು ರೋಗಿ ಕೂರುವ ಸ್ಟೂಲನ್ನು ತಾವೇ ಎತ್ತಿಕೊಂಡು ಹೋಗಿ ಮೊಗಸಾಲೆಯ ಕಿಟಕಿಯ ಪಕ್ಕ ಇಟ್ಟರು. ವಿಭಾಗಕ್ಕೆ ದೊಡ್ಡ ಕೋಣೆ ಸಿಕ್ಕ ಮೇಲೂ ಅವರ ಸ್ಟೂಲು ಕಿಟಕಿಯ ಪಕ್ಕವೇ ಉಳಿಯಿತು.

ಸರ್ಪಸುತ್ತು ಸೊಂಟ ಸುತ್ತಿ ಕೂಡಿಕೊಂಡರೆ ಪ್ರಾಣ ಹೋಗುತ್ತದೆಂದು ನಡುಗುತ್ತ ಬಂದ ಮುದುಕರೊಬ್ಬರಿಗೆ, ನೀರುಗುಳ್ಳೆಗಳ ಸಾಲು ಹೊಟ್ಟೆಯ ನಡುವಿಗೆ ಬಂದು ನಿಂತಿರುವುದನ್ನು ಕನ್ನಡಿ ಹಿಡಿದು ತೋರಿಸಿದರು. "ಇದು ಅರ್ಧ ದಾರಿಗೇ ಸುಸ್ತಾಗೋ ಕಾಯಿಲೆ, ತಾತ" ಎಂದರು. ತಾತ ನೋವಿನಲ್ಲೂ ನಕ್ಕರು.

ಹೋದ ಬೇಸಿಗೆಯಲ್ಲಿ ಈಜು ಕಲಿಸುವ ಹೆಣ್ಣುಮಗಳೊಬ್ಬಳನ್ನು ಈಜುಕೊಳದ ಮ್ಯಾನೇಜರ್ ಕರೆತಂದರು. ಅವಳ ಮೊಣಕೈಗಳ ಮೇಲೆ ಕೆಂಪು ಬಿಲ್ಲೆಗಳು. ಅಂಟುರೋಗವೆಂದು ಮಕ್ಕಳ ತಾಯಂದಿರು ಗಲಾಟೆ ಎಬ್ಬಿಸಿದ್ದರು. ಅಲ್ಲವೆಂದು ಖಾತ್ರಿಯಾಗದಿದ್ದರೆ ಅವಳ ಕೆಲಸ ಹೋಗುವುದಿತ್ತು. ಕಿರಿಯ ವೈದ್ಯರು ನೋಡಿದವರೇ ಹುಳುಕಡ್ಡಿ ಎಂದರು. ಡಾಕ್ಟರಮ್ಮ ಮೊಣಕೈಯನ್ನು ಬೆಳಕಿಗೆ ತಿರುಗಿಸಿದರು. ಹುಳುಕಡ್ಡಿಯಾದರೆ ಅಂಚು ಕೆಂಪಾಗಿ ನಡು ತಿಳಿಯಾಗಿರಬೇಕು. ಇಲ್ಲಿ ಬಿಲ್ಲೆ ಪೂರ್ತಿ ಒಂದೇ ಕೆಂಪು.

"ಬರೋ ಮುಂಚೆ ಉಜ್ಜಿದೀಯಾ ಮಗಳೇ?"

"ಡಾಕ್ಟರ ಮುಂದೆ ಹೊಟ್ಟು ಉದುರಿಸ್ಕೊಂಡು ಹೇಗೆ ಬರೋದು ಅಂತ... ಕಲ್ಲಲ್ಲಿ ಉಜ್ಜಿ ಎಣ್ಣೆ ಹಚ್ಚಿಕೊಂಡೆ ಮೇಡಂ."

"ನೆಂಟರು ಬರ್ತಾರೆ ಅಂತ ಮನೆ ಗುಡಿಸಿದ ಹಾಗೆ. ನಾನು ನೋಡಬೇಕಾಗಿದ್ದೇ ಆ ಕಸ. ಉಗುರಿನ ಬಣ್ಣ ತೆಗಿ."

ಬಣ್ಣ ತೆಗೆದರೆ ಉಗುರುಗಳ ಮೇಲೆ ಸೂಜಿಮೊನೆ ಊರಿದಂಥ ಸಣ್ಣ ಗುಳಿಗಳು. ಅವಳು ಉಜ್ಜಲು ಮರೆತಿದ್ದ ಕಿವಿಯ ಹಿಂದೆ ಬೆಳ್ಳಿಯಂತೆ ಹೊಳೆಯುವ ಹೊಟ್ಟು. ಅದನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹುಳುಕಡ್ಡಿ ತರುವ ಶಿಲೀಂಧ್ರದ ಸುಳಿವೂ ಇರಲಿಲ್ಲ. "ಸೋರಿಯಾಸಿಸ್. ಬರುತ್ತೆ, ಹೋಗುತ್ತೆ, ಹಿಡಿತದಲ್ಲಿ ಇಟ್ಕೋಬಹುದು. ಯಾರಿಗೂ ಅಂಟಲ್ಲ" ಎಂದರು.

ಮ್ಯಾನೇಜರಿಗೆ ಸಮಾಧಾನವಾಗಲಿಲ್ಲ. "ನೀವು ಹೇಳ್ತೀರ ಮೇಡಂ, ಆದ್ರೆ ಎಲ್ಲರೂ ಇಳಿಯೋದು ಒಂದೇ ನೀರಿಗೆ."

ಡಾಕ್ಟರಮ್ಮನವರ ದೃಷ್ಟಿ ಅವರ ಚಪ್ಪಲಿಯ ಮೇಲಿತ್ತು. "ನೀರಿನ ಚಿಂತೆ ಇದ್ರೆ ನಿಮ್ಮ ಕಾಲ್ಬೆರಳ ಸಂದಿ ನೋಡ್ಕೊಳ್ಳಿ. ಬೆಳ್ಳಗೆ ನೆನೆದು ಬಿರಿದಿದೆಯಲ್ಲ, ಅಂಟೋದು ಅದು."

ಮ್ಯಾನೇಜರ್ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು. "ಚಪ್ಪಲಿ ಕಚ್ಚಿದೆ ಅಂದ್ಕೊಂಡಿದ್ದೆ."

"ಕಚ್ಚಿರೋದು ಬೇರೆ. ಮುಲಾಮು ಬರೀತೀನಿ. ವಾಸಿಯಾಗೋವರೆಗೆ ನೀವು ನೀರಿಗೆ ಇಳೀಬೇಡಿ, ಇವಳು ಇಳೀಲಿ."

ಆದರೆ ತಾಯಂದಿರು ವೈದ್ಯರ ಮಾತಿಗೂ ಬಗ್ಗಲಿಲ್ಲ. ಮಕ್ಕಳು ಟವೆಲ್ ಹೊದ್ದು ದಂಡೆಯಲ್ಲೇ ಕೂತವು. ಆ ಭಾನುವಾರ, ನೀರೆಂದರೆ ಮೊದಲಿನಿಂದಲೂ ಎದೆ ನಡುಗುವ ಡಾಕ್ಟರಮ್ಮ, ಎಲ್ಲರೂ ನೋಡುತ್ತಿರುವಂತೆಯೇ ಕೊಳದ ಮೆಟ್ಟಿಲಿಳಿದು, ಒಂದು ಕೈಯಲ್ಲಿ ಗೋಡೆಯ ಕಂಬಿಯನ್ನೂ ಇನ್ನೊಂದರಲ್ಲಿ ಈಜು ಕಲಿಸುವವಳ ಮೊಣಕೈಯನ್ನೂ ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತರು.

"ನಿಮಗೆ ಹೆದರಿಕೆ ಇಲ್ವಾ ಡಾಕ್ಟ್ರೇ?" ತಾಯಿಯೊಬ್ಬರು ಕೇಳಿದರು.

"ಇದೆಯಮ್ಮ, ಮುಳುಗೋದಕ್ಕೆ. ಅದಕ್ಕೇ ಇವಳನ್ನ ಹಿಡ್ಕೊಂಡಿರೋದು."

ಮೊದಲು ಟವೆಲ್ ಬಿಸಾಡಿದ್ದು ಆ ತಾಯಿಯ ಮಗಳೇ. ಹಿಂದೆಯೇ ಉಳಿದ ಮಕ್ಕಳೂ ನೀರಿಗೆ ಬಿದ್ದವು. ಈಜು ಕಲಿಸುವವಳ ಕೆಲಸ ಉಳಿಯಿತು. ಅವಳ ಶಿಷ್ಯವರ್ಗಕ್ಕೆ ಅರವತ್ತರ ಹತ್ತಿರದ ವಿದ್ಯಾರ್ಥಿನಿಯೊಬ್ಬರು ಸೇರಿದರು.

ನಿವೃತ್ತಿಯ ನಂತರವೂ ವಾರಕ್ಕೆರಡು ಬೆಳಿಗ್ಗೆ ಬಂದು ಕಿರಿಯರಿಗೆ ನೋಡುವುದನ್ನು ಕಲಿಸುವುದಾಗಿ ಅವರು ಒಪ್ಪಿರುವುದು ವಿಭಾಗದ ಭಾಗ್ಯ. ಅವರ ಕಣ್ಣು ಹೀಗೇ ಚುರುಕಾಗಿರಲಿ, ಆಯುಸ್ಸು ದೀರ್ಘವಾಗಲಿ. ಕೊಳದ ಕಂಬಿಯನ್ನು ಅವರಿನ್ನೂ ಬಿಟ್ಟಿಲ್ಲವಂತೆ. ಈ ಬೇಸಿಗೆಯಲ್ಲಿ ಅದನ್ನೂ ಬಿಡಲಿ, ಪಕ್ಕದಲ್ಲಿ ಈಜು ಕಲಿಸುವವಳಿದ್ದಾಳೆ.