ಗಂಜಿತಿಳಿಯಲ್ಲಿದ್ದ ಬಟ್ಟಲುಗಳು

ನಮ್ಮ ಬಡಾವಣೆಯ ಸಂಸ್ಕೃತಿ ಭವನವನ್ನು ನಡೆಸುವವರು ನನ್ನ ಟೀಚರ್ ಮಾಡಿದ ಬಟ್ಟಲುಗಳನ್ನು ಸುತ್ತಿಗೆಯಿಂದ ಒಡೆಸಿದ್ದಾರೆ. ಕೈತಪ್ಪಿ ಬಿದ್ದು ಒಡೆದದ್ದಲ್ಲ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿಸಿ, ಒಡೆಯುವವರ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸಿ, ಸುರಕ್ಷತೆಯ ಎಲ್ಲ ನಿಯಮಗಳನ್ನೂ ಪಾಲಿಸಿ ಒಡೆಸಿದ್ದಾರೆ. ಸ್ವೀಡನ್ನಿನಲ್ಲಿ ಅನಾಹುತವೂ ನಿಯಮಬದ್ಧವಾಗಿಯೇ ನಡೆಯುತ್ತದೆ.

ಟೀಚರ್ ಕೊರಿಯಾದವರು. ಎಳೆಯ ವಯಸ್ಸಿನಲ್ಲೇ ಈ ದೇಶಕ್ಕೆ ಬಂದು, ಭವನದ ನೆಲಮಾಳಿಗೆಯಲ್ಲಿ ಬಹುಕಾಲದಿಂದ ಮಣ್ಣಿನ ಕೆಲಸ ಕಲಿಸುತ್ತಿದ್ದರು. ಸೆರಾಮಿಕ್ ಬಿಲ್ಲೆಗಳು ಎಷ್ಟು ಒತ್ತಡಕ್ಕೆ ಬಿರುಕು ಬಿಡುತ್ತವೆ ಎಂದು ಹಗಲಿಡೀ ವಿಶ್ವವಿದ್ಯಾಲಯದಲ್ಲಿ ಅಳೆಯುವುದು ನನ್ನ ಸಂಶೋಧನೆ. ಸಂಜೆ ಟ್ರಾಮ್ ಹಿಡಿದು ಹೋಗಿ, ಬಿರುಕು ಬಿಡಬೇಡ ಎಂದು ಮಣ್ಣನ್ನು ಬೇಡಿಕೊಳ್ಳುವುದು ನನ್ನ ಹವ್ಯಾಸ. ನನ್ನ ಮೊದಲ ಬಟ್ಟಲನ್ನು ತಿರುಗಿಸಿ ನೋಡಿದ ಟೀಚರ್, "ಇದು ಬಟ್ಟಲೋ, ನಿನ್ನ ಅಭಿಪ್ರಾಯವೋ?" ಎಂದು ಕೇಳಿದ್ದರು.

ಅವರ ಬಟ್ಟಲುಗಳದ್ದು ಬೂದು ಮಣ್ಣು. ತಿರುಗುವ ಚಕ್ರದ ಮೇಲೆ ಹುಲ್ಲಿನ ಒರಟು ಕುಂಚದಿಂದ ಬಿಳಿ ಮಣ್ಣಿನ ನೀರನ್ನು ಒಂದೇ ಸುತ್ತು ಬಳಿಯುತ್ತಿದ್ದರು. ಕುಂಚ ಒಣಗುತ್ತ ಬಂದಲ್ಲಿ ಬೂದು ಬಣ್ಣ ಗೆರೆಗೆರೆಯಾಗಿ ಉಳಿಯುತ್ತಿತ್ತು. ಎರಡನೆಯ ಸಲ ಬಳಿಯುವುದು ನಿಷಿದ್ಧ. ಕೊರಿಯಾದಲ್ಲಿ ಇದು ಶತಮಾನಗಳ ಹಿಂದಿನ ಪದ್ಧತಿ. ಅಲ್ಲಿನ ಸಾಮಾನ್ಯ ಮನೆಗಳ ಬಟ್ಟಲುಗಳನ್ನು ಜಪಾನಿನ ಚಹಾ ರಸಿಕರು ಮೆಚ್ಚಿ ರೇಷ್ಮೆಯಲ್ಲಿ ಸುತ್ತಿಟ್ಟರು. ಹದಿನಾರನೆಯ ಶತಮಾನದ ಕೊನೆಯ ಯುದ್ಧದಲ್ಲಿ ಜಪಾನಿನ ಸೇನೆ ಕೊರಿಯಾದ ಕುಂಬಾರರನ್ನೇ ಹಡಗು ಹತ್ತಿಸಿ ಒಯ್ದಿತು. ಜಪಾನಿನ ಕೆಲವು ಹೆಸರಾಂತ ಕುಂಬಾರಿಕೆಗಳು ಹುಟ್ಟಿದ್ದು ಆ ಸೆರೆಯಾಳುಗಳ ಒಲೆಗಳಲ್ಲಿ. ಮೆಚ್ಚುಗೆ ಎಂಬುದು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಾನು ಕಲಿತದ್ದು ಈ ಚರಿತ್ರೆಯಿಂದ.

ಸುಟ್ಟು ತೆಗೆದ ಹೊಸ ಬಟ್ಟಲಿನ ಹೊಳಪಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಅವು ಚಹಾ ಹೀರದಂತೆ ಟೀಚರ್ ಬಟ್ಟಲುಗಳನ್ನು ಗಂಜಿತಿಳಿಯಲ್ಲಿ ಮುಳುಗಿಸಿಡುತ್ತಿದ್ದರು. ಮೊದಲ ಸಲ ಕಂಡಾಗ ನನಗೆ ನಗು ಬಂತು. ಕರಾವಳಿಯ ನಮ್ಮ ಮನೆಯಲ್ಲಿ ಸಾರಿನ ಹೊಸ ಮಡಕೆ ಗಂಜಿತಿಳಿ ಕುಡಿಯದೆ ಒಲೆ ಹತ್ತುವುದಿಲ್ಲ.

"ನನ್ನ ಅಮ್ಮನೂ ಹೀಗೇ ಮಾಡುತ್ತಾರೆ" ಎಂದೆ.

"ಹಾಗಾದರೆ ಅವರನ್ನೇ ಕಳಿಸು. ನೀನು ಮನೆಗೆ ಹೋಗು" ಎಂದರು.

ಈ ವಸಂತದಲ್ಲಿ ಭವನದವರು ಮೇಲಂತಸ್ತಿನ ಸಭಾಂಗಣವನ್ನು ಮೊದಲ ಬಾರಿಗೆ ಟೀಚರ್ ಅವರ ಪ್ರದರ್ಶನಕ್ಕೆ ಕೊಟ್ಟಿದ್ದರು. ಗಾಜಿನ ಪೆಟ್ಟಿಗೆ ಬೇಡ, ಬಂದವರು ಬಟ್ಟಲು ಕೈಗೆತ್ತಿಕೊಂಡು ಚಹಾ ಕುಡಿಯಲಿ ಎಂಬುದು ಅವರ ಆಸೆ. ಚಳಿಗಾಲವಿಡೀ ಮಾಡಿದ ಬಟ್ಟಲುಗಳು ನೆಲಮಾಳಿಗೆಯ ಬಕೆಟ್‌ನಲ್ಲಿ ತಿಳಿ ಹೀರುತ್ತಿದ್ದವು.

ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ನಮ್ಮೂರ ಕಡೆಯ ಅಕ್ಕ ಒಬ್ಬರು ಅದೇ ದಿನಗಳಲ್ಲಿ ಒಂದು ಶನಿವಾರ ನೀರುದೋಸೆಗೆ ಕರೆದಿದ್ದರು. ತಟ್ಟೆ ಇಡುವ ಮೊದಲೇ ಒಂದು ಬಟ್ಟಲು ತಂದು ಮೇಜಿನ ಮೇಲಿಟ್ಟರು.

"ನೋಡು ಮಾರಾಯ್ತಿ, ಜಪಾನೀಸ್ ಆರ್ಟ್. ನಾನೇ ಮಾಡಿದ್ದು."

"ನೀವಾ ಅಕ್ಕ?"

"ಮಾಡಿದ್ದು ಅಂದ್ರೆ, ಒಡೆದು ಅಂಟಿಸಿದ್ದು. ಆಫೀಸಿಂದ ಟೀಮ್ ಬಿಲ್ಡಿಂಗ್ ಅಂತ ನಿಮ್ಮ ಸಂಸ್ಕೃತಿ ಭವನಕ್ಕೇ ಕರ್ಕೊಂಡು ಹೋಗಿದ್ರು. ನಮ್ಮ ಮ್ಯಾನೇಜರ್ ಒಂದೇ ಏಟಿಗೆ ಪುಡಿ ಮಾಡಿದ್ರು, ಎಲ್ಲರೂ ಚಪ್ಪಾಳೆ. ಇದ್ರಲ್ಲಿ ತಿನ್ಬಾರ್ದಂತೆ, ಅಂಟು ವಿಷ. ಮನೆ ಕೀ ಹಾಕಿಡ್ಬಹುದು."

ಬಂಗಾರದ ಬಣ್ಣದ ಗೆರೆಗಳ ನಡುವೆ ಕುಂಚ ಒಣಗಿದ ಗುರುತು ಇತ್ತು. ಮಗುಚಿ ನೋಡಿದೆ. ಬುಡದಲ್ಲಿ, ಹೊಳಪಿನ ದ್ರಾವಣಕ್ಕೆ ಅದ್ದುವಾಗ ಟೀಚರ್ ಅವರ ಬೆರಳುಗಳು ಹಿಡಿದಿದ್ದ ಜಾಗ ಬೂದಾಗಿಯೇ ಉಳಿದಿತ್ತು. ಇದು ಯಾರ ಬಟ್ಟಲು ಎಂದು ಹೇಳಿದೆ. ಅಕ್ಕ ಒಲೆ ಆರಿಸಿ ಬಂದು ಕೂತರು.

"ಬಕೆಟಿಂದ ತೆಗ್ದು ಕೊಟ್ರು ಮಾರಾಯ್ತಿ. ಹುಳಿ ವಾಸನೆ ಬರ್ತಿತ್ತು. ಗಂಜಿ ಅಂತ ನಂಗಾದ್ರೂ ಗೊತ್ತಾಗ್ಬೇಕಿತ್ತು." ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, "ಒಡಕು ಪಾತ್ರೆ ಮನೇಲಿಟ್ರೆ ಅಮ್ಮ ಬೈತಿದ್ರು. ಇಲ್ಲಿ ಗಟ್ಟಿ ಇದ್ದದ್ದನ್ನ ಒಡೆದು ಶೋಕೇಸಲ್ಲಿ ಇಡ್ತಾರೆ" ಎಂದರು.

ಸೋಮವಾರ ಭವನದ ಮುಖ್ಯಸ್ಥರನ್ನು ಕಂಡೆ. ಅವರ ಬೆನ್ನ ಹಿಂದಿನ ಭಿತ್ತಿಪತ್ರದಲ್ಲಿ 'ಅಪೂರ್ಣತೆಯನ್ನು ಅಪ್ಪಿಕೊಳ್ಳಿ' ಎಂದಿತ್ತು.

"ಒಡೆಯಲೆಂದು ಹೇಳಿದ್ದ ಅಂಗಡಿಯ ಬಟ್ಟಲುಗಳು ಸಮಯಕ್ಕೆ ಬರಲಿಲ್ಲ" ಎಂದರು ಅವರು ಮೆಲುದನಿಯಲ್ಲಿ. "ಇವುಗಳ ಬಣ್ಣ ಸರಿಯಾಗಿ ಕೂತಿರಲಿಲ್ಲ. ಬಿರುಕೂ ಇತ್ತು, ವಾಸನೆಯೂ ಇತ್ತು. ಬಿಸಾಡಿದ್ದು ಅಂದುಕೊಂಡೆವು."

"ನಿಮ್ಮ ಭಿತ್ತಿಪತ್ರ ಹೇಳುವುದು ಇಂಥವುಗಳನ್ನೇ ಅಲ್ಲವೇ?"

"ಹೌದು, ಆದರೆ ಒಡೆದ ಮೇಲೆ" ಎಂದರು. ಆಮೇಲೆ ಸಮಾಧಾನದ ದನಿಯಲ್ಲಿ, "ಒಂದು ರೀತಿಯಲ್ಲಿ, ಈಗ ಅವುಗಳಿಗೊಂದು ಕಥೆ ಸಿಕ್ಕಿತಲ್ಲ. ಬನ್ನಿ, ಫಿಕಾಕ್ಕೆ ಕೂರೋಣ" ಎಂದು, ಸ್ವೀಡನ್ನಿನವರು ತಪ್ಪಿಸದ ಆ ಕಾಫಿ ವಿರಾಮಕ್ಕಾಗಿ ಫ್ಲಾಸ್ಕ್ ಎತ್ತಿದರು.

ಒಡೆದ ಬಟ್ಟಲನ್ನು ಮರದ ಅರಗಿನಿಂದ ಬೆಸೆದು ಬೆಸುಗೆಗೆ ಬಂಗಾರ ಲೇಪಿಸುವ ಕಲೆ ಜಪಾನಿನಲ್ಲಿದೆ. ಅರಗು ಒಣಗಲು ವಾರಗಳೇ ಬೇಕು. ಕಳೆದುಕೊಳ್ಳಲು ಮನಸ್ಸೊಪ್ಪದ ಬಟ್ಟಲಿಗಾಗಿ ಅಷ್ಟು ಕಾಯುತ್ತಾರೆ. ನಮ್ಮ ಭವನ ಈ ಕಲೆಯನ್ನು ಸುಧಾರಿಸಿದೆ: ಯಾರದೋ ಬಟ್ಟಲು, ಬೇಗ ಒಣಗುವ ಅಂಟು, ಹೊಳೆಯುವ ಪುಡಿ. ಕಾಫಿ ಮುಗಿಯುವಷ್ಟರಲ್ಲಿ ಗಾಯ ಮಾಯ.

ಅಕ್ಕ ತಾವೇ ಬಂದು ಬಟ್ಟಲನ್ನು ಟೀಚರ್ ಕೈಗೆ ಕೊಟ್ಟರು. ಟೀಚರ್ ಬಂಗಾರದ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು. "ಅಂದಿನ ಸೈನಿಕರು ವಾಸಿ. ಕುಂಬಾರರನ್ನು ಹೊತ್ತೊಯ್ದರು, ಬಟ್ಟಲುಗಳನ್ನು ಒಡೆಯಲಿಲ್ಲ" ಎಂದರು. ಆ ಸಂಜೆಯೇ ನೆಲಮಾಳಿಗೆಯ ಕೀಲಿಕೈಯನ್ನು ಭವನಕ್ಕೆ ಒಪ್ಪಿಸಿ ಹೋದರು. ಅಂದಿನಿಂದ ಚಕ್ರಗಳ ಮೇಲೆ ಧೂಳು ಕೂತಿದೆ. ಸಭಾಂಗಣ ಮಾತ್ರ ಖಾಲಿ ಇರುವುದಿಲ್ಲ: ಅಲ್ಲಿ 'ಮಾಗಿದ ಗಾಯಗಳು' ಎಂಬ ಪ್ರದರ್ಶನ ನಡೆಯಲಿದೆ, ಮನೆಗೊಯ್ದವರಿಂದ ಎರವಲು ತಂದ ಅಂಟಿಸಿದ ಬಟ್ಟಲುಗಳೊಂದಿಗೆ. ಅವುಗಳ ಕೆಳಗೆ ಒಡೆದವರ ಹೆಸರು ಇರುತ್ತದೆಯಂತೆ.

ಈ ಬರಹದ ಸ್ವೀಡಿಷ್ ಪ್ರತಿಯನ್ನು ಭವನದ ಮುಖ್ಯಸ್ಥರಿಗೂ ಆಡಳಿತ ಮಂಡಳಿಗೂ ಕೊಟ್ಟಿದ್ದೇನೆ. ನನ್ನ ಭಾಷೆಯವರು ಸಾಕ್ಷಿಯಾಗಿರಲಿ ಎಂದು ಕನ್ನಡದಲ್ಲೂ ಬರೆದಿದ್ದೇನೆ. ಕಲಿಸುವವರ ಕೆಲಸವನ್ನು ಅವರನ್ನೊಂದು ಮಾತೂ ಕೇಳದೆ ಮುಟ್ಟಲು ಯಾರು ಅನುಮತಿ ಕೊಟ್ಟರು ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಆಗ್ರಹಪೂರ್ವಕವಾಗಿ ಕೋರುತ್ತೇನೆ. ಸದರಿ ಪ್ರದರ್ಶನವನ್ನು ಕೈಬಿಟ್ಟು, ಬಟ್ಟಲುಗಳನ್ನು ಚೂರುಗಳ ಸಮೇತ ಟೀಚರ್ ಅವರಿಗೆ ಮರಳಿಸಬೇಕು. ಸಭಾಂಗಣವೂ ಕೀಲಿಕೈಯೂ ಅವರಿಗೆ ಸಲ್ಲಬೇಕು. ಮರಳಿ ಬರುವುದೋ ಬಿಡುವುದೋ ಅವರ ಇಷ್ಟ. ಕ್ಷಮೆಯನ್ನು ಮುಖ್ಯಸ್ಥರು ಖುದ್ದಾಗಿ ಅವರ ಮನೆಗೆ ಹೋಗಿ ಕೇಳಬೇಕು, ಇದರಿಂದ ಒಂದು ಒಳ್ಳೆಯ ಕಥೆ ಹುಟ್ಟಿತು ಎಂಬ ಮಾತನ್ನು ಬಿಟ್ಟು. ಉತ್ತರಕ್ಕಾಗಿ ಕಾಯುತ್ತಿದ್ದೇನೆ.