ಕಡವಿನ ಆಚೆಯಿಂದ ಬಂದ ಕೂಗು

ಸತ್ತವರ ಬಗ್ಗೆ ನನಗೆ ಭಯವೂ ಇರಲಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೆ. ಸೌದಿಯ ಥುಕ್ಬಾದ ನಮ್ಮ ರೂಮಿನಲ್ಲಿ ಯಾರಾದರೂ ದೆವ್ವದ ಕತೆ ಶುರುಮಾಡಿದರೆ, ವಾಸದ ಪರ್ಮಿಟ್ ಕೇಳುವ ಪೊಲೀಸಿನವನ ಸ್ವರದಲ್ಲಿ "ದೆವ್ವಕ್ಕೆ ಇಕಾಮಾ ಉಂಟಾ?" ಎಂದು ಕೇಳಿ ಕತೆ ಕೆಡಿಸುತ್ತಿದ್ದವನು ನಾನು. ಮಿಮಿಕ್ರಿ ನನ್ನ ಹಳೆಯ ಚಾಳಿ. ವೀಸಾ ಕೊಟ್ಟ ನಮ್ಮ ಅರಬಿ ಕಫೀಲ್, ಅಂಗಡಿಯ ಮ್ಯಾನೇಜರ್, ಊರಿನ ಮಾಮ, ಯಾರನ್ನೂ ಬಿಟ್ಟಿಲ್ಲ. ಹುಡುಗಿ ನೋಡಲು ಹೋಗಿ ಸ್ವಂತ ಹೆಸರು ಹೇಳುವಾಗ ತೊದಲಿದ ನನ್ನನ್ನೂ ಬಿಟ್ಟಿಲ್ಲ. ಹಾಗಾಗಿ ಮುಂದಿನದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಮಾಮ. ಊರಲ್ಲಿ ಮನೆಮನೆಗೆ ವಾಟ್ಸಾಪ್ ಬಂದ ಕಾಲ. ನಮ್ಮ ಕುಟುಂಬದ್ದೂ ಊರಿನದ್ದೂ ಇತಿಹಾಸ ಬರೆದು ಪುಸ್ತಕ ಮಾಡುತ್ತೇನೆಂದು ಅವರು ಹೊರಟರು. ಇಲ್ಲಿರುವ ನಮ್ಮೂರಿನ ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. "ನಿನಗೆ ಹೇಗೂ ಬಾಯಿ ಸುಮ್ಮನಿರುವುದಿಲ್ಲ" ಎಂಬುದು ಅವರು ಕೊಟ್ಟ ಕಾರಣ.

ನಮ್ಮ ಬ್ಯಾರಿಗಳ ವಂಶವೃಕ್ಷ ಬರೆದು ನೋಡಿ, ಆಗ ನನ್ನ ಕಷ್ಟ ಗೊತ್ತಾಗುತ್ತದೆ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಅವನ ಮೊಮ್ಮಗನಿಗೆ ಮತ್ತೆ ಅದೇ. ಇಬ್ರಾಹಿಂ, ಮೊಯ್ದಿನ್, ಇಬ್ರಾಹಿಂ, ಮೊಯ್ದಿನ್. ಮರವಲ್ಲ, ಗಿರಗಿಟ್ಲೆ! ಯಾರನ್ನು ಕೇಳಿದರೂ "ಯಾವ ಇಬ್ರಾಹಿಂ?" ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ಮಸೀದಿಯ ಹಳೆಯ ದಾಖಲೆ ಪುಸ್ತಕದಲ್ಲಿ ನಮಗೆ ಬೇಕಾದ ಪುಟಗಳನ್ನೇ ಹುಡುಕಿ ಗೆದ್ದಲು ತಿಂದಿತ್ತು.

ಅದರ ನಡುವೆ ಅಜ್ಜಿಯ ಹಟ. ತನಗೊಬ್ಬ ಅಣ್ಣನಿದ್ದ, ಹೆಸರು ಇಬ್ರಾಹಿಂ, ತಾನು ನಾಲ್ಕು ವರ್ಷದವಳಿದ್ದಾಗ ಒಂದು ದಿನ ಹೋದವನು ಮನೆಗೆ ಬರಲಿಲ್ಲ, ಅವನ ಹೆಸರು ಪುಸ್ತಕದಲ್ಲಿ ಇರಲೇಬೇಕು ಎಂದು. ಅವಳ ಮಗನೇ ಆದ ಮಾಮ ಒಪ್ಪಲಿಲ್ಲ. "ಉಮ್ಮ ತನ್ನ ಅಜ್ಜನ ಕತೆಯನ್ನು ಅಣ್ಣನದ್ದು ಅಂತ ಹೇಳ್ತಿದ್ದಾರೆ. ಕಂಡವರು ಇನ್ನೊಬ್ಬರು ಇದ್ದರೆ ಹೇಳು, ಬರೀತೇನೆ" ಎಂದರು. ಅಜ್ಜಿ ನನಗೆ ಫೋನು ಮಾಡಿ ಹೇಳಿದ್ದು ಇಷ್ಟೆ: "ನಾನೂ ಹೋದ ಮೇಲೆ ಅವನು ಇದ್ದ ಅಂತ ಹೇಳಲು ಯಾರಿದ್ದಾರೆ ಮೋನೆ?"

ನಾನು ಹತ್ತೊಂಬತ್ತು ಜನರನ್ನು ಕೇಳಿದೆ. ಹತ್ತೊಂಬತ್ತು ರೆಕಾರ್ಡಿಂಗು. ಒಂದರಲ್ಲಿ ಒಬ್ಬರು ಮುಕ್ಕಾಲು ಗಂಟೆ ತಮ್ಮ ಮಂಡಿನೋವಿನ ಇತಿಹಾಸ ಹೇಳಿದ್ದಾರೆ. ನಮ್ಮ ಬಿಲ್ಡಿಂಗಿನ ಕೆಳಗೆ ಟೈಲರ್ ಅಂಗಡಿಯಲ್ಲಿದ್ದ ಸಂಜೀವಣ್ಣನನ್ನಂತೂ ಮೂರು ಸಲ ಕೇಳಿದೆ. ಅವರ ಅಪ್ಪ ನಮ್ಮೂರಿನ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ದೋಣಿಯವರು. ಅಜ್ಜಿಗಿಂತ ಸಂಜೀವಣ್ಣ ಮೂರು ವರ್ಷ ದೊಡ್ಡವರು. ಮೂರು ಸಲವೂ ನಾನು ತಂದ ಬಿರಿಯಾನಿ ತಿಂದು "ನನಗೆ ಗೊತ್ತಿಲ್ಲ ಮಾರಾಯ" ಎಂದರು. ಅವರು ಎಕ್ಸಿಟ್ ಹೊಡೆಸಿಕೊಂಡು ಶಾಶ್ವತವಾಗಿ ಊರಿಗೆ ಹೊರಟಾಗ ನನ್ನ ಕೊನೆಯ ಆಸೆಯೂ ಹೋಯಿತು.

ಅವರನ್ನು ಬೀಳ್ಕೊಡಲು ಒಂದು ಶುಕ್ರವಾರ ಮಧ್ಯಾಹ್ನ ರೂಮಿನಲ್ಲಿ ಊಟ. ನನ್ನ ಮೊಬೈಲು ಪಕ್ಕದ ರೂಮಿನಲ್ಲಿ ಚಾರ್ಜಿಗಿತ್ತು. ಇದನ್ನು ನೆನಪಿಡಿ, ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಊಟದ ನಡುವೆ ಮಿಮಿಕ್ರಿ ಮಾಡು ಎಂದರು. ಕಫೀಲ್ ಮಾಡಿದೆ, ಮಾಮನನ್ನು ಮಾಡಿದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಯ್ಯುವ ಸಂಜೀವಣ್ಣನನ್ನೂ ಮಾಡಿದೆ. ನಗುವಿನಲ್ಲಿ ಅವರಿಗೆ ಕೆಮ್ಮೇ ಬಂತು. "ಊರಿನವರು ಯಾರನ್ನಾದ್ರೂ ಮಾಡಾ, ಮಂಗ" ಎಂದರು.

ಯಾರನ್ನೂ ನೆನೆಸಿಕೊಳ್ಳದೆ, ಬಾಯಿಗೆ ಬಂದ ಹಾಗೆ ಒಬ್ಬನನ್ನು ಹುಟ್ಟಿಸಿದೆ. ಹಲ್ಲಿನ ಸಂದಿಯಿಂದ ಸುಂಯ್ ಎಂದು ಉಸಿರೆಳೆದು, ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು, ತುಳುವಿನಲ್ಲಿ ಎರಡು ಸಲ ಕೂಗಿದೆ: ಹೋಯ್, ದೋಣಿ ತನ್ನಿ, ಬೆಲ್ಲ ಕರಗುತ್ತದೆ!

ಎಲ್ಲರೂ ನಕ್ಕರು. ಸಂಜೀವಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

"ಅದನ್ನು ಯಾರು ಕಲಿಸಿದ್ದು ನಿನಗೆ?"

"ಯಾರೂ ಇಲ್ಲ ಸಂಜೀವಣ್ಣ, ಸುಮ್ಮನೆ..."

"ಎಂತ ಸುಮ್ಮನೆ? ಅದು ಇಬ್ರಾಯಿಂಚನ ಸ್ವರ. ನಿನ್ನ ಅಜ್ಜಿಯ ಅಣ್ಣ. ಸಂತೆಯಿಂದ ಬೆಲ್ಲದ ಬುಟ್ಟಿ ಹೊತ್ತು ಬಂದು ಆಚೆ ದಡದಿಂದ ಹೀಗೇ ಕೂಗುತ್ತಿದ್ದದ್ದು. ಹೀಗೇ, ಎರಡು ಸಲ."

ಅವರು ಗೋಡೆ ನೋಡಿಕೊಂಡು ಹೇಳಿದರು. ಅವರಿಗಾಗ ಏಳು ವರ್ಷ. ಹೊಳೆ ತುಂಬಿತ್ತು. ಸಂಜೆ ಈ ಕೂಗು ಕೇಳಿದಾಗ ಅವರ ಅಪ್ಪ ಕುಡಿದು ಮಲಗಿದ್ದರು. "ಕಾಯಲಿ ಅವ" ಎಂದು ಮಗ್ಗುಲು ಬದಲಿಸಿದರು. ಬೆಳಿಗ್ಗೆ ಆಚೆ ದಡದಲ್ಲಿ ಇದ್ದದ್ದು ಬುಟ್ಟಿ ಮಾತ್ರ. ಅಪ್ಪ ಅದನ್ನು ಹೊಳೆಗೆ ತಳ್ಳಿ, ಬಾಯಿಬಿಟ್ಟರೆ ಕೊಲ್ಲುತ್ತೇನೆ ಎಂದು ಮಗನ ಕಿವಿ ಹಿಂಡಿದರು. ಅಂದಿನಿಂದ ಸಂಜೀವಣ್ಣ ಹೆಂಡತಿಗೂ ಹೇಳಿರಲಿಲ್ಲ.

"ಬರ್ಕೊ," ಎಂದರು. "ನಾನು ಕಂಡಿದ್ದೇನೆ ಅಂತ ಬರಿ. ಅಪ್ಪನ ಹೆಸರೂ ಬರಿ. ನಾನು ಸೈನು ಹಾಕ್ತೇನೆ."

ಹಾಕಿದರು. ಸಾಂಬಾರಿನ ಬೆರಳಿನ ಗುರುತಿರುವ ಆ ಕಾಗದದ ಫೋಟೊ ಮಾಮನಿಗೆ ಕಳಿಸಿದೆ. ಅಜ್ಜಿಯ ಅಣ್ಣನ ಹೆಸರು ಪುಸ್ತಕಕ್ಕೆ ಸೇರಿತು.

ಆ ಕೂಗನ್ನು ನಾನು ಎಲ್ಲಿ ಕೇಳಿದ್ದೆ? ಅಜ್ಜಿಯಿಂದ ಎನ್ನೋಣವೆಂದರೆ, ಅವಳ ಮನೆ ಗುಡ್ಡದ ಮೇಲೆ, ಹೊಳೆಯ ಸದ್ದೇ ಅಲ್ಲಿಗೆ ಮುಟ್ಟುವುದಿಲ್ಲ. ಅಣ್ಣ ಕೂಗಿದ್ದನ್ನು ಅವಳು ಕೇಳಿಯೇ ಇಲ್ಲ. ಅಮ್ಮ ಹುಟ್ಟುವ ಮೊದಲೇ ಸೇತುವೆಯಾಗಿ ಕಡವು ನಿಂತಿತ್ತು. ತಲೆ ಕೆರೆದು ಕೆರೆದು ಸಾಕಾಗಿದೆ. ಮಂಡಿನೋವಿನ ಮುಕ್ಕಾಲು ಗಂಟೆ ನನ್ನ ಬಳಿ ಭದ್ರವಾಗಿ ಉಂಟು, ಇದೊಂದು ಇಲ್ಲ!

ಮತ್ತೆ ಮಾಡಲು ಹೊರಟರೆ ಬರುವುದೂ ಇಲ್ಲ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಎಷ್ಟು ಸಲ ಹಲ್ಲಿನ ಸಂದಿಯಿಂದ ಉಸಿರೆಳೆದಿದ್ದೇನೋ. ಒಮ್ಮೆ ಕಫೀಲ್ ಬರುತ್ತಾನೆ, ಒಮ್ಮೆ ಮಾಮ.

ಅಜ್ಜಿ ಈಗಲೂ ಶುಕ್ರವಾರ ಫೋನು ಮಾಡಿದಾಗ ಕೇಳುತ್ತಾಳೆ: "ಮೋನೆ, ಒಂದ್ಸಲ ಅವನ ಹಾಗೆ ಕೂಗು." ಕೂಗುತ್ತೇನೆ. ಬರುವುದು ನನ್ನದೇ ಸ್ವರ. ಅವಳು ಆ ಕಡೆ ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ "ಇರಲಿ, ದೂರ ಅಲ್ವಾ" ಎನ್ನುತ್ತಾಳೆ.